ಒಂಟಿ ಆಟದ ಹದ



ನಮ್ಮ ಸೀಮೆಯಲ್ಲಿ ಹಿಂದೆ ಮನೆಯ ವಿಸ್ತಾರವನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಎರಡು ಕಂಬಗಳ ನಡುವಣ ಅವಕಾಶವೇ ಒಂದು ಅಂಕಣ. ಐದು ಅಂಕಣದ ಮನೆ, ಏಳು ಅಂಕಣದ ಮನೆ ಎಂದರೆ ಹೆಣ್ಣು ಕೊಡಲು ಬಂದವರಿಗೆ ಮನೆತನದ ಅಂದಾಜು ದೊರಕುತ್ತಿತ್ತು. ಅದೇ ಶಬ್ದ ಇಂದು ಪತ್ರಿಕೆಯ ಈ ಪುಟಕ್ಕೂ ಸಲ್ಲುತ್ತದೆ, ಗೆರೆ ಎಳೆದ ಆಟದ ಕಣಕ್ಕೂ ಸಲ್ಲುತ್ತದೆ. ಈ ತಿಂಗಳು ಪುಟದ ಅಂಕಣದಲ್ಲಿ ಆಟದ ಅಂಕಣವನ್ನು ಕುರಿತು ಬರೆಯಲು ಕಾರಣವಿದೆ.

ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಮಕ್ಕಳೂ, ಅಮೆರಿಕೆಯಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಕೆಲವು ತಿಂಗಳಿದ್ದು ಮರಳಿದ ಹಿರಿಯರೂ ಈಚೆಗೆ ಒಂದು ಹೊಸ ಆಟದ ಹೆಸರನ್ನು ಹಿರೇಕೆರೂರಿನ ಕಡೆಗೂ ಹೊತ್ತು ತಂದಿದ್ದಾರೆ. ಅದು ಪಿಕಲ್‌ಬಾಲ್. ಹೆಸರಿನಲ್ಲಿ ಉಪ್ಪಿನಕಾಯಿಯ ವಾಸನೆ ಇದ್ದರೂ ಆಟದಲ್ಲಿ ಅದರ ಸುಳಿವಿಲ್ಲ. 1965ರಲ್ಲಿ ಅಮೆರಿಕೆಯ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಅವರ ಮಿತ್ರರು ಬೇಸಗೆಯ ಬಿಡುವಿನಲ್ಲಿ ಮನೆಯವರ ಬೇಸರ ಕಳೆಯಲೆಂದು ಒಂದು ಹಳೆಯ ಬ್ಯಾಡ್ಮಿಂಟನ್ ಅಂಕಣದಲ್ಲಿ ಇದನ್ನು ಹುಟ್ಟುಹಾಕಿದರು. ಆದುದರಿಂದಲೇ ಇದರ ಅಳತೆ ಇಂದಿಗೂ ಬ್ಯಾಡ್ಮಿಂಟನ್ ಅಂಕಣದ್ದೇ: ಉದ್ದ 44 ಅಡಿ, ಅಗಲ 20 ಅಡಿ. ಬಲೆ ಮಾತ್ರ ತಗ್ಗು; ಅಂಚಿನಲ್ಲಿ 36 ಅಂಗುಲ, ನಡುವೆ 34. ತಂತಿಯಿಲ್ಲದ ಹಲಗೆಯಂಥ ಬ್ಯಾಟು, ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡು. ಇಷ್ಟೇ ಸಾಮಗ್ರಿ.

ಈ ಆಟವನ್ನು ಸಾಮಾನ್ಯವಾಗಿ ಇಬ್ಬಿಬ್ಬರು ಜೋಡಿಯಾಗಿ ಆಡುತ್ತಾರೆ. ಜೋಡಿ ಆಟ ಸುಲಭ, ಮಾತುಕತೆಗೂ ಅವಕಾಶವುಂಟು. ಆದರೆ ಕಾಲೇಜಿನ ಹುಡುಗರು ಹಟದಿಂದ ಒಬ್ಬೊಬ್ಬರಾಗಿ ಆಡತೊಡಗಿದ್ದಾರೆ, ಆಡಿ ಸೋತು ಸುಸ್ತಾಗಿ ಕೂರುತ್ತಿದ್ದಾರೆ. ನಮ್ಮ ಶಾಲೆಗಳಲ್ಲಿ ಬೆಳೆದ ಬಾಲ್ ಬ್ಯಾಡ್ಮಿಂಟನ್ ಐವರ ಆಟ. ಹಳದಿ ಉಣ್ಣೆಯ ಚೆಂಡು ತನ್ನ ಪಾಲಿಗೆ ಬಂದಾಗ ಹೊಡೆದರಾಯಿತು, ಉಳಿದ ಜಾಗವನ್ನು ಉಳಿದ ನಾಲ್ವರು ನೋಡಿಕೊಳ್ಳುತ್ತಾರೆ. ಆ ಅಭ್ಯಾಸದ ಕೈ ಚೆನ್ನಾಗಿರುತ್ತದೆ, ಕಾಲು ಮಾತ್ರ ಒಂದೇ ಕಡೆ ನಿಂತಿರುತ್ತದೆ. ಒಂಟಿ ಆಟದಲ್ಲಿ ಅದು ನಡೆಯದು. ಬ್ಯಾಡ್ಮಿಂಟನ್ನಿನಲ್ಲಿ ಒಬ್ಬರೇ ಆಡುವಾಗ ಅಗಲವನ್ನು 17 ಅಡಿಗೆ ಇಳಿಸುವ ಕರುಣೆಯಾದರೂ ಇದೆ. ಪಿಕಲ್‌ಬಾಲಿನಲ್ಲಿ ಅದೂ ಇಲ್ಲ. ಇಬ್ಬರು ಕಾಯುವ 20 ಅಡಿಯನ್ನೇ ಒಬ್ಬರು ಕಾಯಬೇಕು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ನಮ್ಮ ಹಿರೇಕೆರೂರಿನ ಸಮೀಪದ ಅಬಲೂರಿನ ಸೋಮೇಶ್ವರ ದೇವಾಲಯದ ಶಾಸನದಲ್ಲಿ ಏಕಾಂತದ ರಾಮಯ್ಯನವರ ಚರಿತ್ರೆ ಇರುವುದನ್ನು ವಾಚಕರು ಬಲ್ಲರು. ಏಕಾಂತವೆಂದರೆ ಒಂಟಿತನವೆಂದು ಈಗಿನವರು ಅರ್ಥ ಮಾಡುತ್ತಾರೆ. ಏಕ ಮತ್ತು ಅಂತ, ಅಂದರೆ ಕೊನೆ ಒಂದೇ ಆಗಿರುವುದು, ಗುರಿ ಒಂದೇ ಆಗಿರುವುದು ಎಂದು ಬಿಡಿಸಿದರೆ ಶಬ್ದದ ತೂಕ ಬೇರೆಯಾಗುತ್ತದೆ. ಅಂಕಣದಲ್ಲಿ ಒಬ್ಬನೇ ನಿಂತವನಿಗೆ ಬೇಕಾದದ್ದು ಈ ಎರಡನೆಯ ಏಕಾಂತ. ಅವನ ಗುರಿ ಚೆಂಡನ್ನು ಜೋರಾಗಿ ಹೊಡೆಯುವುದಲ್ಲ, ಪ್ರತಿ ಹೊಡೆತದ ನಂತರ ತಾನು ನಿಲ್ಲಬೇಕಾದ ಸ್ಥಾನಕ್ಕೆ ಮರಳುವುದು. ಈ ಲೇಖನದ ಸಾರವೆಲ್ಲ ಇಷ್ಟರಲ್ಲಿದೆ. ಆದರೆ ಸ್ಥಾನ ಯಾವುದು ಎಂಬುದನ್ನು ವಿವರಿಸದೆ ಈ ಮಾತು ಪ್ರಯೋಜನಕ್ಕೆ ಬಾರದು.

ಅದಕ್ಕೆ ಮೊದಲು ಆಟದ ಮೂರು ಕಟ್ಟಳೆಗಳನ್ನು ತಿಳಿಯಬೇಕು. ತಂತ್ರವೆಲ್ಲ ಅವುಗಳಿಂದಲೇ ಹುಟ್ಟುವುದು. ಮೊದಲನೆಯದಾಗಿ, ಬಲೆಯ ಎರಡೂ ಬದಿಗೆ ಏಳು ಏಳು ಅಡಿಯ ಒಂದು ಪಟ್ಟಿ ಉಂಟು. ಅದರೊಳಗೆ ನಿಂತು, ನೆಲ ಮುಟ್ಟದ ಚೆಂಡನ್ನು ಹೊಡೆಯುವಂತಿಲ್ಲ. ಆ ಪಟ್ಟಿಗೆ ಅವರು ಕಿಚನ್, ಅಂದರೆ ಅಡುಗೆಮನೆ ಎನ್ನುತ್ತಾರೆ. ಅಡುಗೆಮನೆಗೆ ಕಾರಣವಿಲ್ಲದೆ ಕಾಲಿಡಬಾರದೆಂಬುದನ್ನು ನಮ್ಮ ಮನೆಯ ತಾಯಂದಿರು ಮಕ್ಕಳಿಗೆ ಕಲಿಸಿಯೇ ಇರುವುದರಿಂದ ಈ ನಿಯಮ ಕಷ್ಟವಾಗಲಾರದು. ಎರಡನೆಯದು, ಸರ್ವಿಸ್ ಆದ ಚೆಂಡು ಒಮ್ಮೆ ಪುಟಿಯಬೇಕು, ಅದನ್ನು ಹಿಂದಿರುಗಿಸಿದ ಚೆಂಡೂ ಒಮ್ಮೆ ಪುಟಿಯಬೇಕು. ಆನಂತರವೇ ಗಾಳಿಯಲ್ಲಿ ಹೊಡೆಯುವ ಸ್ವಾತಂತ್ರ್ಯ. ಮೂರನೆಯದು, ಸಾಂಪ್ರದಾಯಿಕ ಲೆಕ್ಕದಲ್ಲಿ ಸರ್ವಿಸ್ ಮಾಡಿದವನಿಗೆ ಮಾತ್ರ ಅಂಕ ಬರುತ್ತದೆ. ಎದುರಾಳಿ ಗೆದ್ದರೆ ಅವನಿಗೆ ದೊರೆಯುವುದು ಅಂಕವಲ್ಲ, ಸರ್ವಿಸಿನ ಸರದಿ. ಹನ್ನೊಂದು ಅಂಕಕ್ಕೆ ಆಟ, ಎರಡು ಅಂಕದ ಅಂತರ ಬೇಕು. ಬ್ಯಾಡ್ಮಿಂಟನ್ನಿನಲ್ಲಿಯೂ 2006ರವರೆಗೆ ಇದೇ ಪದ್ಧತಿ ಇದ್ದುದರಿಂದ ನನ್ನ ವಯಸ್ಸಿನವರಿಗೆ ಇದು ಹೊಸದೆನಿಸದು.

ಈ ಮೂರನೆಯ ಕಟ್ಟಳೆಯಿಂದ ಒಂದು ವಿವೇಕ ಹೊರಡುತ್ತದೆ. ನೀವು ಸರ್ವಿಸ್ ಮಾಡುವಾಗ ಸೋತರೆ ಹೋಗುವುದು ಸರದಿ ಮಾತ್ರ. ಸರ್ವಿಸ್ ಎದುರಿಸುವಾಗ ಸೋತರೆ ಹೋಗುವುದು ಅಂಕ. ಆದುದರಿಂದ ಸಾಹಸದ ಹೊಡೆತಗಳನ್ನು ನಿಮ್ಮ ಸರ್ವಿಸಿನ ಸರದಿಯಲ್ಲಿ ಮಾಡಿ, ಎದುರಿಸುವಾಗ ಜಿಪುಣರಾಗಿರಿ. ಹುಡುಗರು ಇದಕ್ಕೆ ತದ್ವಿರುದ್ಧವಾಗಿ ಆಡುತ್ತಾರೆ. ಮೊದಲನೆಯ ಸರ್ವಿಸನ್ನೇ ಗೆರೆಯ ಹೊರಗೆ ಕಳಿಸಿ ಸರದಿಯನ್ನು ದಾನ ಮಾಡುತ್ತಾರೆ. ಸಾಹಸವೆಂದರೆ ಸರ್ವಿಸಿನಲ್ಲಿ ಸಾಹಸವೆಂದಲ್ಲ. ಒಂಟಿ ಆಟದಲ್ಲಿ ಎರಡನೆಯ ಅವಕಾಶ ಇಲ್ಲವೆಂಬುದನ್ನು ಮರೆಯಬಾರದು.

ಸರ್ವಿಸ್ ಆಳವಾಗಿರಲಿ, ಹಿಂದಿನ ಗೆರೆಯಿಂದ ಎರಡು ಮೂರು ಅಡಿ ಒಳಗೆ ಬೀಳಲಿ. ಎದುರಾಳಿಯ ಎಡಗೈ ಬದಿಗೆ, ಅವನು ಎಡಗೈಯವನಾದರೆ ಬಲಬದಿಗೆ. ಸರ್ವಿಸ್ ಆದ ಕೂಡಲೇ ಮುಂದೆ ಓಡುವುದು ಹೊಸಬರ ದೊಡ್ಡ ದೋಷ. ಹಿಂದಿರುಗಿ ಬರುವ ಚೆಂಡು ಪುಟಿಯಲೇಬೇಕಾದುದರಿಂದ ಮುಂದೆ ಓಡಿದವನ ಕಾಲ ಬುಡಕ್ಕೆ ಅದು ಬಂದು ಬೀಳುತ್ತದೆ. ಹಿಂದಿನ ಗೆರೆಯ ಹೊರಗೇ ನಿಂತು ಕಾಯಬೇಕು.

ಸರ್ವಿಸ್ ಎದುರಿಸುವವನ ಸ್ಥಿತಿ ಇದಕ್ಕಿಂತ ಉತ್ತಮ. ಅವನು ಚೆಂಡನ್ನು ಆಳಕ್ಕೆ ಹಿಂದಿರುಗಿಸಿ, ಅದು ಎದುರಾಳಿಯ ಬಳಿ ಪುಟಿಯುವಷ್ಟರಲ್ಲಿ ಅಡುಗೆಮನೆಯ ಗೆರೆಯವರೆಗೆ ಬಂದು ನಿಲ್ಲಬಹುದು. ಮೊದಲು ಬಲೆಯ ಬಳಿ ಸೇರಿದವನಿಗೆ ಆಟದ ಅರ್ಧ ಕೈಸೇರಿದಂತೆ. ಚೆಂಡು ನಿಧಾನವಾಗಿ ಹೋದರೂ ಚಿಂತೆಯಿಲ್ಲ. ನಿಧಾನವಾದಷ್ಟೂ ನಿಮಗೆ ನಡೆದು ಬರಲು ಹೊತ್ತು ಸಿಗುತ್ತದೆ. ಆಳ ಮಾತ್ರ ಇರಲೇಬೇಕು. ನಡುಭಾಗಕ್ಕೆ ಆಳವಾಗಿ ಕಳಿಸುವುದಂತೂ ತೀರ ಕ್ಷೇಮ. ನಡುವಿನಿಂದ ಹೊಡೆಯುವವನಿಗೆ ಚೂಪಾದ ಕೋನ ದೊರೆಯುವುದಿಲ್ಲ.

ಈಗ ಸ್ಥಾನದ ವಿಚಾರ. ಎಲ್ಲರೂ ನಡುವಿಗೆ ಮರಳು ಎಂದು ಕಲಿಸುತ್ತಾರೆ. ನಡುವೆಂದರೆ ಅಂಕಣದ ನಡುವಲ್ಲ, ಎದುರಾಳಿಯ ಹೊಡೆತಗಳ ನಡು. ಅವನ ಬ್ಯಾಟಿನಿಂದ ನಿಮ್ಮ ಅಂಕಣದ ಎರಡು ಅಂಚುಗಳಿಗೆ ಎರಡು ದಾರ ಎಳೆದಿರೆಂದು ಭಾವಿಸಿ. ಆ ಎರಡು ದಾರಗಳ ನಟ್ಟನಡುವೆ ನಿಲ್ಲಬೇಕು. ಎದುರಾಳಿ ನಿಮ್ಮ ಎಡಗಡೆಯ ಮೂಲೆಯಲ್ಲಿದ್ದಾನೆ, ನೀವು ಬಲೆಯ ಬಳಿ ಇದ್ದೀರಿ ಎಂದಾದರೆ ಎಡಕ್ಕೆ ಎರಡು ಹೆಜ್ಜೆ ಸರಿಯಬೇಕು. ಗೆರೆಗುಂಟ ನೇರವಾಗಿ ಬರುವ ಚೆಂಡು ಬೇಗ ಮುಟ್ಟುತ್ತದೆ, ಅದಕ್ಕೆ ಅಡ್ಡ ನಿಲ್ಲಬೇಕು. ಓರೆಯಾಗಿ ದೂರ ಹೋಗುವ ಚೆಂಡಿಗೆ ಹೊತ್ತು ಹಿಡಿಯುತ್ತದೆ, ಅದನ್ನು ಓಡಿ ಹಿಡಿಯಬಹುದು. ಆದರೆ ನೀವು ಹಿಂದಿನ ಗೆರೆಯ ಬಳಿ ಇದ್ದರೆ ಲೆಕ್ಕ ತಿರುಗುತ್ತದೆ. ಆಗ ನಡುವಿನಿಂದ ತುಸು ಬಲಕ್ಕೆ ನಿಲ್ಲುವುದೇ ಸರಿ. ಮನೆಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ದಾರ ಎಳೆದು ನೋಡಿದರೆ ಹತ್ತು ವರ್ಷದ ಮಗುವಿಗೂ ಇದು ತಿಳಿಯುತ್ತದೆ.

ಇದರಿಂದಲೇ ಇನ್ನೊಂದು ಉಪಾಯ ಸಿದ್ಧವಾಗುತ್ತದೆ. ಹಿಂದಿನ ಮೂಲೆಯಲ್ಲಿ ಸಿಕ್ಕಿಬಿದ್ದಾಗ ಚೆಂಡನ್ನು ನೇರಕ್ಕೆ ಹೊಡೆದರೆ ನೀವು ನಿಲ್ಲಬೇಕಾದ ಸ್ಥಾನ ಅಂಕಣದ ಆಚೆ ಬದಿಗೆ ಹೋಗುತ್ತದೆ, ಅಷ್ಟು ದೂರ ಓಡಬೇಕು. ಓರೆಯಾಗಿ ಹೊಡೆದರೆ ನೀವು ಹೆಚ್ಚುಕಡಿಮೆ ಸ್ಥಾನದಲ್ಲಿಯೇ ಇರುತ್ತೀರಿ. ಅಲ್ಲದೆ ಮೂಲೆಯಿಂದ ಮೂಲೆಗೆ 48 ಅಡಿಗೂ ಮಿಕ್ಕ ದೂರವಿದೆ, ನೇರಕ್ಕೆ 44 ಮಾತ್ರ. ಓರೆ ಚೆಂಡು ಬಲೆಯ ತಗ್ಗಾದ ನಡುಭಾಗದ ಮೇಲೆ ಹಾಯುತ್ತದೆ. ನಾಲ್ಕು ಅಡಿ ಹೆಚ್ಚು ಜಾಗ, ಎರಡು ಅಂಗುಲ ಕಡಿಮೆ ಬಲೆ. ಕಷ್ಟದಲ್ಲಿರುವವನಿಗೆ ಇದು ಸಣ್ಣ ಸಹಾಯವಲ್ಲ.

ಹೀಗೆ ಸ್ಥಾನ ಹಿಡಿದ ಮೇಲೆ ಎದುರಾಳಿಯನ್ನು ಅವನ ಸ್ಥಾನದಿಂದ ಕದಲಿಸುವ ಕೆಲಸ. ಈ ವಿದ್ಯೆಯಲ್ಲಿ ಕನ್ನಡ ನಾಡಿಗೆ ಪರದೇಶದ ಗುರು ಬೇಕಾಗಿಲ್ಲ. ಆಟ ಬೇರೆಯಾದರೂ ಅಂಕಣ ಅದೇ ಆದುದರಿಂದ ಪ್ರಕಾಶ ಪಡುಕೋಣೆಯವರ ಹೆಸರನ್ನು ಇಲ್ಲಿ ತೆಗೆಯಲೇಬೇಕು.

1980ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಪಂದ್ಯ. ಎದುರಿಗೆ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್, 1978 ಮತ್ತು 1979ರ ವಿಜೇತರು. ಮೇಲಕ್ಕೆ ಜಿಗಿದು ಹೊಡೆಯುವ ಅವರ ಸ್ಮ್ಯಾಶ್ ಲೋಕಪ್ರಸಿದ್ಧ. ಅಂಥ ಬಲಕ್ಕೆ ಬಲವನ್ನೇ ಒಡ್ಡಿದ್ದರೆ ಫಲ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಪಡುಕೋಣೆಯವರು ಆಟದ ವೇಗವನ್ನೇ ತಗ್ಗಿಸಿದರು. ಬಲೆಯ ಬಳಿ ಮೆತ್ತಗೆ ಬೀಳುವ ಒಂದು ಡ್ರಾಪ್, ಹಿಂದಿನ ಗೆರೆಗೆ ಏರುವ ಒಂದು ಟಾಸ್, ಪೂರ್ಣ ಬಲವಿಲ್ಲದ ಒಂದು ಅರ್ಧ ಸ್ಮ್ಯಾಶ್. ಬೀಸುವ ಕೈ ಒಂದೇ ಬಗೆಯದು, ಬೀಳುವ ಜಾಗ ಬೇರೆ ಬೇರೆ. ಕಿಂಗ್ ತಮಗೆ ಬೇಕಾದ ಹೊಡೆತವನ್ನು ಬೇಕಾದ ಜಾಗದಿಂದ ಹೊಡೆಯಲಾಗದೆ ಅತ್ತಿಂದಿತ್ತ ನಡೆದರು. 15-3, 15-10. ಭಾರತೀಯನೊಬ್ಬ ಆ ಪ್ರಶಸ್ತಿ ಪಡೆದುದು ಅದೇ ಮೊದಲು.

ಮಠದ ಪಾಠಶಾಲೆಗಳಲ್ಲಿ ವಾಕ್ಯಾರ್ಥ ನೋಡಿದವರಿಗೆ ಈ ಬಗೆ ಪರಿಚಿತ. ತರ್ಕದಲ್ಲಿ ಪ್ರಬಲನಾದ ಪ್ರತಿವಾದಿಯನ್ನು ತರ್ಕದಲ್ಲಿಯೇ ಎದುರಿಸದೆ ಮೆಲ್ಲಗೆ ವ್ಯಾಕರಣದ ಕಡೆಗೆ ಎಳೆದೊಯ್ಯುವ ಪಂಡಿತರಿದ್ದರು. ಅದು ವಂಚನೆಯಲ್ಲ. ಎದುರಿನವನ ಬಲವನ್ನು ಗೌರವಿಸಿಯೇ ಹೂಡುವ ಉಪಾಯ.

ಆದರೆ ಚರಿತ್ರೆ ಅಲ್ಲಿಗೆ ಮುಗಿಯುವುದಿಲ್ಲ, ನಮ್ಮ ಹುಡುಗರು ತಿಳಿಯಬೇಕಾದುದು ಮುಂದಿನ ಭಾಗ. ಮರುವರ್ಷ, 1981ರಲ್ಲಿ, ಅದೇ ಪಂದ್ಯಾವಳಿಯ ಅಂತಿಮದಲ್ಲಿ ಅದೇ ಇಬ್ಬರು ಎದುರಾದರು. ಮೊದಲನೆಯ ಆಟವನ್ನು ಪಡುಕೋಣೆಯವರು 15-11ರಿಂದ ಗೆದ್ದರು. ಮುಂದಿನ ಎರಡನ್ನು 4-15, 6-15ರಿಂದ ಸೋತರು. ಅದೇ ವರ್ಷ ಕೌಲಾಲಂಪುರದ ವಿಶ್ವಕಪ್‌ನಲ್ಲಿ ಚೀನದ ಹಾನ್ ಜಿಯಾನ್ ಅವರನ್ನು ಮೊದಲ ಆಟದಲ್ಲಿ 15-0ರಿಂದ ನಿರುತ್ತರಗೊಳಿಸಿದರು. ಎರಡನೆಯ ಆಟ 18-16ರವರೆಗೆ ಎಳೆಯಿತು. ಒಂದು ಉಪಾಯ ಎಷ್ಟು ಸೊಗಸಾಗಿದ್ದರೂ ಎದುರಿನವನೂ ಕಣ್ಣುಳ್ಳವನೇ. ಅವನು ಒಂದು ವರ್ಷದಲ್ಲಿ ಕಲಿಯಬಹುದು, ಒಂದು ಆಟ ಮುಗಿಯುವಷ್ಟರಲ್ಲಿಯೂ ಕಲಿಯಬಹುದು. ಒಂಟಿ ಆಟಗಾರನ ಜೋಳಿಗೆಯಲ್ಲಿ ಎರಡನೆಯ ಉಪಾಯ ಇರಲೇಬೇಕು.

ಪಿಕಲ್‌ಬಾಲಿಗೆ ಇದನ್ನು ಹೊಂದಿಸುವುದು ಹೇಗೆ? ಆಳಕ್ಕೆ ಎರಡು ಮೂರು ಚೆಂಡು ಕಳಿಸಿ ಎದುರಾಳಿಯನ್ನು ಹಿಂದಿನ ಗೆರೆಗೆ ಒಗ್ಗಿಸಿ. ಆಮೇಲೆ ಬಲೆಯ ಬಳಿಯಿಂದ ಒಂದು ಚೆಂಡನ್ನು ಅವನ ಅಡುಗೆಮನೆಯೊಳಗೆ ಮೆತ್ತಗೆ ಇಳಿಸಿ. ಪ್ಲಾಸ್ಟಿಕ್ ಚೆಂಡು ಹೆಚ್ಚು ಪುಟಿಯುವುದಿಲ್ಲ, ಅವನು ಓಡಿ ಬರುವಷ್ಟರಲ್ಲಿ ಎರಡನೆಯ ಸಲ ನೆಲ ಮುಟ್ಟಿರುತ್ತದೆ. ಆಳಕ್ಕೆ ಕಳಿಸದೆ ಮೊದಲೇ ಮೆತ್ತಗೆ ಇಳಿಸಿದರೆ ಅವನು ಹತ್ತಿರದಲ್ಲಿಯೇ ಇದ್ದು ಎತ್ತಿಬಿಡುತ್ತಾನೆ. ಕ್ರಮ ಮುಖ್ಯ. ಎದುರಾಳಿ ಮೂಲೆಯಿಂದ ನಡುವಿಗೆ ವೇಗವಾಗಿ ಓಡುತ್ತಿರುವುದು ಕಂಡರೆ ತೆರೆದ ಜಾಗಕ್ಕೆ ಹೊಡೆಯದೆ ಅವನು ಬಿಟ್ಟುಬಂದ ಮೂಲೆಗೇ ಮತ್ತೆ ಕಳಿಸಬೇಕು. ಓಡುವ ದೇಹ ಹಿಂದಕ್ಕೆ ತಿರುಗಲು ಒಪ್ಪುವುದಿಲ್ಲ. ಅವನೇ ಬಲೆಯ ಬಳಿ ಬಂದು ನಿಂತಿದ್ದರೆ ಅವನ ಪಕ್ಕದಿಂದ ತಗ್ಗಾಗಿ ಹಾಯಿಸಬೇಕು. ಜಾಗವಿಲ್ಲದಿದ್ದರೆ ತಲೆಯ ಮೇಲಿಂದ ಎತ್ತಬೇಕು. ಗುರಿಯನ್ನು ಗೆರೆಯ ಮೇಲೆ ಇಡಬಾರದು, ಗೆರೆಯಿಂದ ಒಂದು ಮೊಳ ಒಳಗೆ ಇಡಬೇಕು.

ಬಯಲಿನಲ್ಲಿ ಆಡುವವರು ಗಾಳಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಮ್ಮ ಆಷಾಢದ ಗಾಳಿಯಲ್ಲಿ ತೂತಿನ ಚೆಂಡು ತನ್ನ ಮಾತು ತಾನು ಕೇಳುವುದಿಲ್ಲ. ಎದುರುಗಾಳಿಯಲ್ಲಿ ಎತ್ತರದ ಚೆಂಡು ಅರ್ಧಕ್ಕೇ ಬೀಳುತ್ತದೆ, ಬೆನ್ನುಗಾಳಿಯಲ್ಲಿ ಗೆರೆ ದಾಟುತ್ತದೆ. ಅಂಥ ದಿನ ಎತ್ತರದ ಹೊಡೆತಗಳನ್ನು ಬಿಟ್ಟುಬಿಡುವುದೇ ಲೇಸು.

ಉಸಿರಿನ ವಿಚಾರವನ್ನೂ ಹೇಳಬೇಕು. ಅಂಕ ಕೂಗಿದ ನಂತರ ಸರ್ವಿಸ್ ಮಾಡಲು ನಿಯಮ ಹತ್ತು ಸೆಕೆಂಡು ಕೊಡುತ್ತದೆ. ಹುಡುಗರು ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರೆ. ದೀರ್ಘವಾದ ಒಂದು ಸರದಿಯ ನಂತರ ಆ ಹತ್ತೂ ಸೆಕೆಂಡನ್ನು ಬಳಸಿ ಎರಡು ಸಲ ಪೂರ್ಣ ಉಸಿರು ಬಿಟ್ಟವನು ಎಂಟನೆಯ ಅಂಕದಿಂದಾಚೆಗೆ ಅದರ ಫಲ ಕಾಣುತ್ತಾನೆ.

ನನಗೆ ಈ ಆಟದಲ್ಲಿ ಅತಿ ಮೆಚ್ಚುಗೆಯಾದುದು ತಂತ್ರವಲ್ಲ, ಗೆರೆಯ ತೀರ್ಪು. ತೀರ್ಪುಗಾರರಿಲ್ಲದ ಪಂದ್ಯದಲ್ಲಿ ತನ್ನ ಬದಿಗೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಹೇಳುವ ಹೊಣೆ ಆಯಾ ಆಟಗಾರನದೇ. ಗೆರೆ ಮುಟ್ಟಿದರೆ ಒಳಗೆ. ಸರ್ವಿಸ್ ಮಾತ್ರ ಅಡುಗೆಮನೆಯ ಗೆರೆ ಮುಟ್ಟಿದರೆ ದೋಷ. ಸಂಶಯವಿದ್ದರೆ ಎದುರಾಳಿಯ ಪರವಾಗಿಯೇ ಹೇಳಬೇಕೆಂದು ನಿಯಮದ ಪುಸ್ತಕವೇ ವಿಧಿಸಿದೆ. ಜೋಡಿ ಆಟದಲ್ಲಿ ಪಕ್ಕದವನ ಕಣ್ಣಾದರೂ ಇರುತ್ತದೆ. ಒಂಟಿ ಆಟದಲ್ಲಿ ನಿಜ ಬಲ್ಲವನು ನೀವೊಬ್ಬರೇ. ಹತ್ತು-ಹತ್ತು ಆಗಿರುವಾಗ ಅರ್ಧ ಅಂಗುಲ ಗೆರೆ ಮುಟ್ಟಿದ ಚೆಂಡನ್ನು ಒಳಗೆ ಎಂದು ಕೂಗುವ ಹುಡುಗನ ಮನಸ್ಸಿನಲ್ಲಿ ಆ ಕ್ಷಣ ನಡೆಯುವ ವ್ಯಾಪಾರ ಸಾಮಾನ್ಯವಾದುದಲ್ಲ.

ಪಕ್ಕದಲ್ಲಿ ನಿಂತ ತಂದೆ ತಾಯಿಗಳು ಅಂಥ ಕ್ಷಣದಲ್ಲಿ ಕೂಗಾಡಬಾರದು. ಎಡಕ್ಕೆ ಹೊಡಿ, ಬಲಕ್ಕೆ ಓಡು ಎಂಬ ಬೋಧೆಯನ್ನೂ ಮಾಡಬಾರದು. ಟೈಮ್‌-ಔಟ್ ಮತ್ತು ಎರಡು ಆಟಗಳ ನಡುವಣ ಬಿಡುವು ಬಿಟ್ಟರೆ ಹೊರಗಿನವರ ಬೋಧೆಯನ್ನು ನಿಯಮ ಒಪ್ಪುವುದಿಲ್ಲ. ನಿಯಮ ಒಪ್ಪಿದ್ದರೂ ನಾನು ಬೇಡವೆನ್ನುತ್ತಿದ್ದೆ. ಮನೆಯಲ್ಲಿ ಊಟ ಎಷ್ಟು ಉಣ್ಣಬೇಕು, ಯಾವ ಕೋರ್ಸ್ ಸೇರಬೇಕು ಎಂಬುದನ್ನೆಲ್ಲ ನಾವೇ ನಿಶ್ಚಯಿಸುತ್ತೇವೆ. 44 ಅಡಿ ಉದ್ದದ ಈ ಒಂದು ಜಾಗದಲ್ಲಾದರೂ ಮಗು ತಾನೇ ನಿಶ್ಚಯಿಸಿ ತಾನೇ ಸೋಲಲಿ.

ಇನ್ನು ಹಿರಿಯರ ಮಾತು. ಅರವತ್ತು ದಾಟಿದವರಿಗೆ ಜೋಡಿ ಆಟವೇ ತಕ್ಕದ್ದು. ಒಂಟಿ ಆಟದ ಹಂಬಲ ಇರುವವರು ಅಂಕಣವನ್ನು ಉದ್ದಕ್ಕೆ ಸೀಳಿ ಹತ್ತು ಅಡಿ ಅಗಲದ ಅರ್ಧದಲ್ಲಿ ಮಾತ್ರ ಆಡಬಹುದು. ತಂತ್ರವೆಲ್ಲ ಅದರಲ್ಲಿಯೂ ಇದೆ, ಓಟ ಕಡಿಮೆ. ತಲೆಯ ಮೇಲೆ ಹೋದ ಚೆಂಡಿಗೆ ಹಿಮ್ಮುಖವಾಗಿ ಹೆಜ್ಜೆ ಹಾಕಲೇಬಾರದು. ಹಾಗೆ ಬಿದ್ದವರ ಮಣಿಕಟ್ಟು, ಸೊಂಟ, ತಲೆಯ ಹಿಂಭಾಗ ಪೆಟ್ಟಾಗುತ್ತವೆ. ಪೂರ್ಣ ತಿರುಗಿ ನಡೆಯಬೇಕು, ಇಲ್ಲವೆ ಆ ಅಂಕವನ್ನು ಬಿಟ್ಟುಕೊಡಬೇಕು. ಚಪ್ಪಲಿಯಲ್ಲಿ ಆಡಬಾರದು, ಪಕ್ಕಕ್ಕೆ ಸರಿಯುವಾಗ ಕಣಕಾಲನ್ನು ಹಿಡಿದಿಡುವ ಬೂಟು ಬೇಕು. ಮೊದಲು ಹತ್ತು ನಿಮಿಷ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಇಳಿಯತಕ್ಕದ್ದು.

ಕೊನೆಗೆ ಜಾಗದ ಪ್ರಶ್ನೆ. ನಮ್ಮ ಊರಿನಲ್ಲಿ ಒಳಾಂಗಣ ಕ್ರೀಡಾಂಗಣ ಎಲ್ಲಿದೆ ಎಂದು ಹುಡುಗರು ಕೇಳುತ್ತಾರೆ. ಪಡುಕೋಣೆಯವರು ಬಾಲ್ಯದಲ್ಲಿ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಹಾಲಿನಲ್ಲಿ. ಇಂದು ಅಲ್ಲಿ ಲಗ್ನ ಇದೆಯೋ ಇಲ್ಲವೋ ಎಂದು ಕಾದು ನೋಡಿ, ಇಲ್ಲದ ದಿನ ಶಾಲೆ ಬಿಟ್ಟೊಡನೆ ಓಡುತ್ತಿದ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ನಮ್ಮ ಸೀಮೆಯಲ್ಲಿ ಕಲ್ಯಾಣ ಮಂಟಪಗಳಿಗೂ ಸಮುದಾಯ ಭವನಗಳಿಗೂ ಕೊರತೆಯಿಲ್ಲ. ಲಗ್ನಸರಾಯಿ ಮುಗಿದ ಮೇಲೆ, ವಿಶೇಷವಾಗಿ ಆಷಾಢದಲ್ಲಿ, ಅವು ಬೀಗ ಹಾಕಿಕೊಂಡು ನಿಲ್ಲುತ್ತವೆ. ಹೊರಗೆ ಗಾಳಿಮಳೆಯಿಂದ ಆಟ ನಿಂತಿರುವ ತಿಂಗಳೂ ಅದೇ. ಭಕ್ತರ ಕಾಣಿಕೆಯಿಂದ ಎದ್ದ ಕಟ್ಟಡಗಳಲ್ಲಿ ಭಕ್ತರ ಮಕ್ಕಳು ಸಂಜೆ ಎರಡು ತಾಸು ಆಡುವುದಕ್ಕೆ ಆಡಳಿತ ಮಂಡಳಿಗಳು ಏಕೆ ಹಿಂಜರಿಯಬೇಕೆಂಬುದು ನನಗೆ ತಿಳಿಯದು. ಬಾಡಿಗೆಯ ಆದಾಯಕ್ಕೆ ಆ ತಿಂಗಳು ಹೇಗೂ ಕುತ್ತಿಲ್ಲ.

ಬೇಕಾದ ಜಾಗ ಒಟ್ಟು 60 ಅಡಿ ಉದ್ದ, 30 ಅಡಿ ಅಗಲ. ಗೆರೆಯ ಹೊರಗೆ ಓಡಾಡಲು ಅಷ್ಟು ಇರಬೇಕು. ನಡುವೆ ಕಂಬ ಇರುವ ಹಾಲು ಬೇಡ. ನುಣುಪು ಗ್ರಾನೈಟ್ ನೆಲ ಅಪಾಯಕರ, ಊಟದ ಹಾಲಿನ ಒರಟು ನೆಲ ಉತ್ತಮ. ಎಣ್ಣೆ ಜಿಡ್ಡನ್ನು ಸೋಡಾ ಹಾಕಿ ತೊಳೆದು ಪೂರ್ಣ ಒಣಗಿಸಿರಬೇಕು. ಗೆರೆಗೆ ಬಣ್ಣ ಬಳಿಯಬೇಕಾಗಿಲ್ಲ, ಅಗಲವಾದ ಟೇಪು ಸಾಕು. ಶ್ರಾವಣದಲ್ಲಿ ಮೊದಲ ಲಗ್ನ ಗೊತ್ತಾದ ದಿನ ಅದನ್ನು ಕಿತ್ತುಬಿಡಬಹುದು.